ಒಂದು ಸೀಮೆ, ಹಲವು ಒಡೆತನ: ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಪ್ರಭುತ್ವದ ಸಮರ್ಥನೆ

ಕಾವೇರಿ ನದಿಗೂ ಬಿಳಿಗಿರಿ, ಮಲೆ ಮಹದೇಶ್ವರ ಬೆಟ್ಟಗಳಿಗೂ ನಡುವಿನ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆ ಯಾವ ದೊಡ್ಡ ಸಾಮ್ರಾಜ್ಯಕ್ಕೂ ಕೇಂದ್ರವಾಗಿರಲಿಲ್ಲ. ಆದರೂ ಗಂಗರಿಂದ ಇಂಗ್ಲಿಷರವರೆಗೆ ದಕ್ಷಿಣದ ಬಹುತೇಕ ಎಲ್ಲ ಪ್ರಭುತ್ವಗಳೂ ಇಲ್ಲಿ ಹಕ್ಕು ಸಾಧಿಸಿದವು. ಕನ್ನಡ, ತಮಿಳು, ಸೋಲಿಗ ನುಡಿಗಳನ್ನಾಡುವವರೂ ಶೈವರು, ವೈಷ್ಣವರು, ಜೈನರೂ ಇದ್ದ ನೆಲವನ್ನು ಆಳಲು ತಮಗೇನು ಹಕ್ಕು ಎಂಬುದಕ್ಕೆ ಅರಸರು ಕೊಟ್ಟ ಉತ್ತರ ಕಾಲಕಾಲಕ್ಕೆ ಬದಲಾಯಿತು. ಈ ಉತ್ತರಗಳು ಬಹುಕಾಲ ಆಳಿಸಿಕೊಳ್ಳುವ ಜನರನ್ನು ಮುಖ್ಯವಾಗಿ ಉದ್ದೇಶಿಸಿರಲಿಲ್ಲ, ಎದುರಾಳಿ ಅರಸರನ್ನೂ ಮೇಲಿನ ಅಧಿಕಾರವನ್ನೂ ಒಪ್ಪಿಸುವುದಕ್ಕಾಗಿ ರೂಪುಗೊಂಡಿದ್ದವು ಎಂಬುದು ಈ ಲೇಖನದ ವಾದ.

ಬಿರುದು ಮತ್ತು ಸ್ಥಳನಾಮ

11ನೇ ಶತಮಾನದ ಆರಂಭದಲ್ಲಿ ಗಂಗವಾಡಿ ಚೋಳರ ವಶವಾಯಿತು. ತಲಕಾಡು ರಾಜರಾಜಪುರವಾಯಿತು, ನಾಡು ಮುಡಿಕೊಂಡಚೋಳ ಮಂಡಲವೆನಿಸಿತು. ಕೊಳ್ಳೇಗಾಲದ ಪಕ್ಕದ ಮುಡಿಗುಂಡದ ಹೆಸರಿನಲ್ಲಿ ಆ ಬಿರುದು ಇಂದಿಗೂ ಉಳಿದಿದೆ. ಗೆದ್ದ ನಾಡಿಗೆ ಅರಸನ ಬಿರುದನ್ನೇ ಹೆಸರಾಗಿಸಿ, ದೇವಾಲಯಗಳ ದತ್ತಿಯನ್ನು ತಮಿಳು ಶಾಸನಗಳಲ್ಲಿ ಬರೆಸುವುದು ಚೋಳರ ಕ್ರಮ. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನ ತಲಕಾಡನ್ನು ಮರಳಿ ಗೆದ್ದಾಗ ಅವನೂ ಅದೇ ಕ್ರಮ ಹಿಡಿದ. ‘ತಲಕಾಡುಗೊಂಡ’ ಎಂಬ ಬಿರುದು ಧರಿಸಿದ, ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ. ಗೆದ್ದುಕೊಟ್ಟ ದಂಡನಾಯಕ ಗಂಗರಾಜ ಜೈನ, ಎತ್ತಿಸಿದ ಗುಡಿ ವೈಷ್ಣವ. ಮತಭೇದ ಇಲ್ಲಿ ಆಡಳಿತಕ್ಕೆ ಅಡ್ಡಿಯಾಗಲಿಲ್ಲ.

ವಿಜಯನಗರದ ಕಾಲದಲ್ಲಿ ಸವಾಲು ಒಳಗಿನಿಂದಲೇ ಎದ್ದಿತು. ಉಮ್ಮತ್ತೂರಿನ ಪಾಳೆಯಗಾರರು ‘ಪೆನುಗೊಂಡ ಚಕ್ರೇಶ್ವರ’ ಎಂದು ಕರೆದುಕೊಂಡು ಸಾಮ್ರಾಟನಿಗೆ ಸಮಾನರೆಂದು ಸಾರಿದರು. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಕೆಲವೇ ವರ್ಷಗಳಲ್ಲಿ ದಂಡೆತ್ತಿ ಬಂದು, ಗಂಗರಾಜನೆಂಬ ಉಮ್ಮತ್ತೂರಿನ ಒಡೆಯನ ಆಸರೆಯಾಗಿದ್ದ ಶಿವನಸಮುದ್ರದ ದ್ವೀಪದ ಕೋಟೆಯನ್ನು ಮುರಿದ. ಪ್ರಾಂತದ ಆಡಳಿತಕ್ಕೆ ಶ್ರೀರಂಗಪಟ್ಟಣ ಕೇಂದ್ರವಾಯಿತು. ಆದರೆ ಪಾಳೆಯಗಾರಿಕೆಯ ಪದ್ಧತಿ ಅಳಿಯಲಿಲ್ಲ. ಕಪ್ಪ ಕೊಟ್ಟು ದಂಡು ಕಳಿಸುವವನು ಉಳಿದ, ಸಾಮ್ರಾಟನ ಬಿರುದಿಗೆ ಕೈಹಾಕಿದವನು ಅಳಿದ.

ಯಳಂದೂರಿನ ಬಳೆಮಂಟಪ

ಹೀಗೆ ಉಳಿದವರ ಮನೋಧರ್ಮ ಯಳಂದೂರಿನ ಗೌರೀಶ್ವರ ದೇವಾಲಯದಲ್ಲಿ ಕಲ್ಲಾಗಿ ನಿಂತಿದೆ. ವಿಜಯನಗರಕ್ಕೆ ಅಧೀನರಾಗಿದ್ದ ಹದಿನಾಡು ಒಡೆಯರಲ್ಲಿ ಸಿಂಗದೇಪ ಇದನ್ನು 16ನೇ ಶತಮಾನದಲ್ಲಿ ಕಟ್ಟಿಸಿದ. ಆ ಮನೆತನದ ವಿವರ ಮುದ್ದರಾಜನ 1654ರ ಶಾಸನದಿಂದ ತಿಳಿಯುತ್ತದೆ. ಗುಡಿಯ ಮಹಾದ್ವಾರವೇ ಬಳೆಮಂಟಪ. ಕಲ್ಲಿನಲ್ಲೇ ಕಡೆದ, ಒಂದರೊಳಗೊಂದು ಕೋದ ಬಳೆಗಳ ಸರಪಳಿಯಿಂದ ಆ ಹೆಸರು. ಗೋಡೆಯ ಮೇಲೆ ನರಸಿಂಹನಿದ್ದಾನೆ, ನರಸಿಂಹನನ್ನು ಅಡಗಿಸಿದನೆಂದು ಶೈವರು ಹೇಳುವ ಶರಭನೂ ಇದ್ದಾನೆ. ವೀರಭದ್ರ, ಭೈರವ, ಕೃಷ್ಣ, ವಾಲಿ ಸುಗ್ರೀವರೂ ಉಂಟು. ಶಿವಾಲಯ ಕಟ್ಟಿಸಿದ ಇದೇ ಮನೆತನದ ಮುದ್ದರಾಜ ಬಿಳಿಗಿರಿ ರಂಗನಾಥನಿಗೂ ದತ್ತಿ ಬಿಟ್ಟ. ಚಿಕ್ಕ ಒಡೆಯನೊಬ್ಬ ಮೇಲಿನ ಸಾಮ್ರಾಟನಿಗೂ ಕೆಳಗಿನ ನಾನಾ ಮತದ ಪ್ರಜೆಗೂ ಸಲ್ಲಬೇಕಾದ ರೀತಿ ಅದು.

ಮೈಸೂರಿನ ಚಿಕ್ಕದೇವರಾಜ (1673–1704) ಇದೇ ಊರಿನಿಂದ ಆಡಳಿತಗಾರನನ್ನು ಆರಿಸಿಕೊಂಡ. ಅವನ ಮಂತ್ರಿ ಯಳಂದೂರಿನ ವಿಶಾಲಾಕ್ಷ ಪಂಡಿತ ಜೈನ, ಆ ಬಳಿಕ ಬಂದ ತಿರುಮಲಾರ್ಯ ಶ್ರೀವೈಷ್ಣವ. ‘ಹದಿಬದೆಯ ಧರ್ಮ’ ಬರೆದ ಸಂಚಿ ಹೊನ್ನಮ್ಮನೂ ಯಳಂದೂರಿನಿಂದಲೇ ಅರಮನೆ ಸೇರಿದವಳು. ಆದರೆ ಅರಮನೆಯಲ್ಲಿ ಎಲ್ಲ ಮತಗಳಿಗೂ ಎಡೆಯಿದ್ದರೆ ಹಳ್ಳಿಯಲ್ಲಿ ಅಸಮಾಧಾನ ಇರುವುದಿಲ್ಲವೆಂದೇನಿಲ್ಲ. ಇದೇ ಕಾಲದ ಕಂದಾಯದ ಹೊರೆಯ ವಿರುದ್ಧ ರೈತರೂ ಜಂಗಮರೂ ದಂಗೆಯೆದ್ದರು. ಆ ಗಲಭೆಯ ನಡುವೆಯೇ ವಿಶಾಲಾಕ್ಷ ಪಂಡಿತನ ಕೊಲೆಯಾಯಿತು.

1799: ಗೆರೆ ಎಳೆದವರ ವಾದ

ಒಡೆಯರ ಕೈಯಿಂದ ಅಧಿಕಾರ ಪಡೆದಿದ್ದ ಹೈದರನ ಮಗ ಟಿಪ್ಪು ಮಡಿದ ಮೇಲೆ 1799ರ ಜೂನ್ 22ರಂದು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ನಿಜಾಮನೊಂದಿಗೆ ಮೈಸೂರಿನ ವಿಭಜನೆಯ ಒಪ್ಪಂದ ಮಾಡಿಕೊಂಡಿತು. ಹಳೆಯ ರಾಜವಂಶಕ್ಕೆ ಗದ್ದುಗೆ ಮರಳಿಸುತ್ತಿದ್ದೇವೆ ಎಂಬುದು ಗವರ್ನರ್ ಜನರಲ್ ವೆಲ್ಲೆಸ್ಲಿಯ ಸಮರ್ಥನೆ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಅದೇ ಒಪ್ಪಂದ ಕೆನರಾ, ವಯನಾಡು, ಕೊಯಮತ್ತೂರುಗಳನ್ನು ಕಂಪನಿಗೆ ಕೊಟ್ಟಿತು. ಹಳೆಯ ವಂಶದ ಹಕ್ಕು ಮೈಸೂರಿಗೆ ಅನ್ವಯವಾಯಿತು, ಆ ವಂಶವೇ ಹಿಂದೆ ಆಳಿದ್ದ ಕೊಯಮತ್ತೂರಿಗೆ ಆಗಲಿಲ್ಲ. ಕೊಳ್ಳೇಗಾಲ ತಾಲ್ಲೂಕು, ಅದರೊಳಗಿನ ಹನೂರು ಸೇರಿ, ಕೊಯಮತ್ತೂರು ಜಿಲ್ಲೆಯ ಭಾಗವಾಗಿ ಮದ್ರಾಸಿನ ಆಳ್ವಿಕೆಗೆ ಬಂತು. 1800ರಲ್ಲಿ ಕಂಪನಿ ಕಳಿಸಿದ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಬೆಳೆ, ಮಣ್ಣು, ಗುತ್ತಿಗೆಗಳನ್ನು ವಿಚಾರಿಸುತ್ತ ಹೋದದ್ದು ಹೊಸ ಒಡೆಯನಿಗೆ ಸಿಕ್ಕ ಆಸ್ತಿಯ ತಪಶೀಲು ಮಾಡಲಿಕ್ಕೇ.

ಆಮೇಲಿನ ಚಿತ್ರ ಕುತೂಹಲಕರ. ಕೊಳ್ಳೇಗಾಲದಲ್ಲಿ ರಯತವಾರಿ: ಪಟ್ಟಾ ಹಿಡಿದ ರೈತ, ಜಮಾಬಂದಿ ನಡೆಸುವ ಸರ್ಕಾರಿ ನೌಕರ, ದೂರದ ಕಲೆಕ್ಟರ್. ಮೈಸೂರಿನಲ್ಲೇ ಉಳಿದ ಪಕ್ಕದ ಯಳಂದೂರಿನಲ್ಲಿ ಜಹಗೀರು. ಹೈದರ್, ಟಿಪ್ಪುಗಳ ಬಳಿ ಕೆಲಸ ಮಾಡಿ ಬಳಿಕ ಒಡೆಯರ ದಿವಾನರಾದ ಪೂರ್ಣಯ್ಯನವರಿಗೆ 1807ರಲ್ಲಿ ಇದನ್ನು ವಂಶಪಾರಂಪರ್ಯವಾಗಿ ಕೊಡಲಾಯಿತು. ಅವರ ವಂಶದ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಶಿವನಸಮುದ್ರದಲ್ಲಿ ಮೂರನೆಯ ಬಗೆ. ಅಲ್ಲಿ ಸೇತುವೆ ಕಟ್ಟಿಸಿದ ರಾಮಸ್ವಾಮಿ ಮುದಲಿಯಾರರಿಗೆ ಜಹಗೀರು ಸಂದಿತು, ಸೇತುವೆಗೆ ವೆಲ್ಲೆಸ್ಲಿಯ ಹೆಸರು ಬಂತು. ಬಹುಪಾಲು ಒಂದೇ ಭಾಷೆಯಾಡುವ, ಒಂದೇ ಜಾತ್ರೆಗೆ ಹೋಗುವ ಜನ ಒಂದು ದಿನದ ನಡಿಗೆಯೊಳಗೆ ಮೂರು ಬಗೆಯ ಒಡೆತನ ಕಂಡರು. ಟಿಪ್ಪುವಿನ ಆಡಳಿತ ದುಷ್ಟವೆಂದ ಕಂಪನಿಗೆ ಟಿಪ್ಪುವಿನ ಪೂರ್ಣಯ್ಯ ಬೇಕಾದರು. ವಂಶ ಬದಲಾದರೂ ಲೆಕ್ಕ ಬಲ್ಲವನು ಬದಲಾಗಲಿಲ್ಲ.

ಜನರ ಕಡೆಯ ಮಾತು

ಆಳಿಸಿಕೊಂಡವರು ಅಧಿಕಾರದ ಬಗ್ಗೆ ಏನೆಂದುಕೊಂಡರು ಎಂಬುದಕ್ಕೆ ಮೌಖಿಕ ಪರಂಪರೆಯೇ ಆಧಾರ. ಕಂಸಾಳೆ ಹಿಡಿದ ದೇವರಗುಡ್ಡರು ಹಾಡುವ ಮಲೆ ಮಹದೇಶ್ವರನ ಕಾವ್ಯದಲ್ಲಿ ಬಂಕಾಪುರಿಯ ಶ್ರವಣ ದೇವತೆಗಳನ್ನೇ ಜೀತಕ್ಕಿಟ್ಟುಕೊಂಡ ದೊರೆ. ಮಾದಪ್ಪ, ಅಂದರೆ ಮಹದೇಶ್ವರ, ಅವನನ್ನು ಕೊಂದು ಸೆರೆಯವರನ್ನು ಬಿಡಿಸುತ್ತಾನೆ. ಜೀತ ಮಾಡಿಸುವವನು ಅರಸನಾಗಲು ಅರ್ಹನಲ್ಲ ಎಂಬ ತೀರ್ಪು ಇಲ್ಲಿ ಸ್ಪಷ್ಟ. ಬಿಳಿಗಿರಿಯ ಸೋಲಿಗರು ರಂಗನಾಥನನ್ನು ಭಾವ ಎನ್ನುತ್ತಾರೆ, ತಮ್ಮ ಕುಲದ ಹೆಣ್ಣನ್ನು ಮದುವೆಯಾದ ಕಾರಣ. ಒಡೆಯರು ದತ್ತಿಯಿಂದ ಪಡೆಯಲೆತ್ನಿಸಿದ ಬೆಟ್ಟದ ಮೇಲಿನ ಹಕ್ಕನ್ನು ಅವರು ನಂಟಸ್ತನದಿಂದ ಹೇಳಿಕೊಂಡರು.

1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯ ಸೇರಿತು. ಇಲ್ಲಿನ ಬಹುಜನರ ಮಾತು ಕನ್ನಡ ಎಂಬುದೇ ಕಾರಣ. ಆಡಳಿತದ ಗಡಿಯನ್ನು ಆಳಿಸಿಕೊಳ್ಳುವವರ ಗುಣದಿಂದ ಸಮರ್ಥಿಸಿದ್ದು ಇಲ್ಲಿ ಅದೇ ಮೊದಲು. ಆದರೆ ಬಹುಮತದ ಅಳತೆಗೆ ಮಾರ್ಟಳ್ಳಿಯ ತಮಿಳರಾಗಲಿ ಕಾಡಿನ ಸೋಲಿಗರಾಗಲಿ ಸುಲಭವಾಗಿ ಒಗ್ಗುವುದಿಲ್ಲ. 2011ರಲ್ಲಿ ಬಿಳಿಗಿರಿಯ ಸೋಲಿಗ ಗ್ರಾಮಸಭೆಗಳಿಗೆ ಸಿಕ್ಕ ಸಮುದಾಯ ಅರಣ್ಯ ಹಕ್ಕು ಭಾಷೆಯನ್ನೂ ವಂಶವನ್ನೂ ಬಿಟ್ಟು, ಬಾಳಿ ಬಂದ ನೆಲ ಎಂಬ ಆಧಾರವನ್ನು ಮಾನ್ಯ ಮಾಡಿತು. ಈ ಸೀಮೆಯ ಪ್ರಭುತ್ವದ ಚರಿತ್ರೆ ಬರೆಯುವವರು ಶಾಸನ, ಒಪ್ಪಂದಗಳ ಜೊತೆಗೆ ಆ ಹಕ್ಕುಪತ್ರಗಳನ್ನೂ ಮಾದಪ್ಪನ ಕಾವ್ಯವನ್ನೂ ಆಕರವೆಂದೇ ಓದಬೇಕಾಗುತ್ತದೆ.