ಹೊರಗೋಡೆಯ ಬಿರುಕು: ಮಳೆಗೆ ಮುನ್ನ ದುರಸ್ತಿ

ಬೇರಿಕೆ: ಹೊಸೂರು ಭಾಗದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲೇ ಮಳೆ ಹೆಚ್ಚು. ತಮಿಳಿನಲ್ಲಿ ‘ವಿರಿಸಲ್’ ಎನ್ನುವ ಗೋಡೆ ಬಿರುಕನ್ನು ಅದಕ್ಕೆ ಮೊದಲೇ ಮುಚ್ಚಬೇಕು.

ಗಾರೆ ಬೇಗ ಒಣಗಿದರೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಇದಕ್ಕೆ ಹೊರಗೋಡೆಯ ಪುಟ್ಟಿ ಸಾಕು. ಅಗಲ ಬಿರುಕನ್ನು ಉಳಿಯಿಂದ ‘ವಿ’ ಆಕಾರಕ್ಕೆ ಕೊರೆದು, ಧೂಳು ತೆಗೆದು, ನೀರು ಚಿಮುಕಿಸಿ, 1:4 ಸಿಮೆಂಟ್ ಗಾರೆ ತುಂಬಿ, 7 ದಿನ ನೀರು ಹಾಕಬೇಕು. ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಷ್ಟು ಗಾರೆ ಕಿತ್ತು ಹೊಸದಾಗಿ ಬಳಿಯಬೇಕು.

ಹಳೆಯ ಮಣ್ಣಿನ ಗೋಡೆಗೆ ಸಿಮೆಂಟ್ ಸಲ್ಲದು. ಒಳಹೊಕ್ಕ ನೀರು ಆರದೆ, ಮಣ್ಣು ನೆನೆದು ಗೋಡೆ ಕುಸಿಯಬಹುದು. ಸುಣ್ಣದ ಗಾರೆಯೇ ಸೂಕ್ತ.

ಓರೆ ಬಿರುಕಿಗೆ ಅಡ್ಡಲಾಗಿ ಗಾಜಿನ ತುಂಡು ಅಂಟಿಸಿ, ದಿನಾಂಕ ಬರೆದಿಡಿ. ಗಾಜು ಒಡೆದರೆ ಗೋಡೆ ಇನ್ನೂ ಕದಲುತ್ತಿದೆ ಎಂದರ್ಥ. ಆಗ ಗಾರೆ ಮೆತ್ತದೆ ಎಂಜಿನಿಯರ್‌ಗೆ ತೋರಿಸುವುದು ಕ್ಷೇಮ.