ಮುಂಬಯಿಯಲ್ಲಿ ಸ್ವಯಂಸೇವೆ ಮತ್ತು ಸರಕಾರದ ನೆರವು

ಬಡತನ, ಜಾತಿ, ವಲಸೆಗಳಿಂದಾಗಿ ನಗರದ ಸೌಲಭ್ಯಗಳಿಂದ ಹೊರಗಾದ ಜನರನ್ನು ಒಳಗೊಳ್ಳಲು ಮಹಾರಾಷ್ಟ್ರ ಸರಕಾರವೂ ಬೃಹನ್ಮುಂಬಯಿ ಮಹಾನಗರಪಾಲಿಕೆಯೂ ಸ್ವಯಂಸೇವಕರಿಗೆ ಕೊಡುತ್ತ ಬಂದ ಬೆಂಬಲ ಈ ಲೇಖನದ ವಿಷಯ. 2011ರ ಜನಗಣತಿಯ ಪ್ರಕಾರ ನಗರ ಮತ್ತು ಉಪನಗರಗಳ ಸುಮಾರು 52 ಲಕ್ಷ ಮಂದಿ, ಎಂದರೆ ಹತ್ತರಲ್ಲಿ ನಾಲ್ವರು, ಜೋಪಡಪಟ್ಟಿಗಳಲ್ಲಿ ವಾಸವಾಗಿದ್ದರು.

ಮುಂಬಯಿ ಕನ್ನಡಿಗರು ಈ ಬೆಂಬಲದ ಹಳೆಯ ರೂಪವನ್ನು ರಾತ್ರಿಶಾಲೆಗಳಲ್ಲಿ ಕಂಡವರು. ಕರಾವಳಿಯಿಂದ ಬಂದ ಹುಡುಗರು ಹಗಲೆಲ್ಲ ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು ಸಂಜೆ ಪುಸ್ತಕ ಹಿಡಿಯುತ್ತಿದ್ದರು. ಸಮುದಾಯದ ಸಂಘಗಳು ಶಾಲೆ ನಡೆಸಿದವು. ಮಾನ್ಯತೆ, ಅನುದಾನ ಸರಕಾರದಿಂದ ಬಂದವು. ಮೆಟ್ರಿಕ್ ಮುಗಿಸಿ ಕಚೇರಿಯ ಕುರ್ಚಿ ಹಿಡಿದವರು ಅನೇಕರು. ಸರಕಾರವೇ ಮುಂದಾಗಿ ಕಾಲೇಜು ವಿದ್ಯಾರ್ಥಿಗಳನ್ನು ಸೇವೆಗೆ ಇಳಿಸುವ ರಾಷ್ಟ್ರೀಯ ಸೇವಾ ಯೋಜನೆ ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, ದೇಶದ 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾಯಿತು.

ಹೊರಗಿನವರು ಬಂದು ಮಾಡುವ ಸೇವೆಗಿಂತ ಕೊಳೆಗೇರಿ ಬಸ್ತಿಯವರೇ ಮುಂದೆ ನಿಂತ ಕೆಲಸ ಇಲ್ಲಿ ಹೆಚ್ಚು ಆಳಕ್ಕೆ ಇಳಿದಿದೆ. ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿದ ಜಾಕಿನ್ ಅರ್ಪುತಂ ಹದಿಹರೆಯದಲ್ಲಿ ಮುಂಬಯಿಗೆ ಬಂದು ಟ್ರಾಂಬೆಯ ಜನತಾ ಕಾಲನಿಯಲ್ಲಿ ನೆಲೆಸಿದರು. ಪಾಲಿಕೆ ಕಸ ಎತ್ತದೆ ಬಿಟ್ಟಾಗ ಮಕ್ಕಳಿಂದ ಅದನ್ನು ಹೊರಿಸಿ ಪಾಲಿಕೆ ಕಚೇರಿಯ ಮುಂದೆಯೇ ಸುರಿಸಿದ ಕತೆಯನ್ನು ಅವರೇ ಹೇಳುತ್ತಿದ್ದರು. 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಆ ಕಾಲನಿ ನೆಲಸಮವಾಗಿ ಜನ ಚೀತಾ ಕ್ಯಾಂಪಿಗೆ ಹೋಗಬೇಕಾಯಿತು. ಜಾಕಿನ್ ಕಟ್ಟಿದ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟ, 1984ರಲ್ಲಿ ಹುಟ್ಟಿದ ಸ್ಪಾರ್ಕ್ ಸಂಸ್ಥೆ, ಬೈಕುಲಾದ ಫುಟ್‌ಪಾತ್ ಹೆಂಗಸರ ಮಹಿಳಾ ಮಿಲನ್ ಒಂದಾಗಿ ಮನೆಮನೆ ಎಣಿಸಿ, ಸರಕಾರದ ಲೆಕ್ಕದಲ್ಲಿ ಇಲ್ಲದವರ ಪಟ್ಟಿ ಮಾಡಿದವು. ಜಾಕಿನ್ ಅವರಿಗೆ 2000ದಲ್ಲಿ ಮ್ಯಾಗ್ಸೇಸೆ, 2011ರಲ್ಲಿ ಪದ್ಮಶ್ರೀ ಪ್ರಶಸ್ತಿಗಳು ಸಂದವು. ಅವರು 2018ರಲ್ಲಿ ತೀರಿಕೊಂಡರು.

ಈ ಅನುಭವ ಪಾಲಿಕೆಗೆ ದಾರಿ ತೋರಿದ್ದು ಶೌಚಾಲಯಗಳ ವಿಷಯದಲ್ಲಿ. 1990ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲದೊಂದಿಗೆ ಆರಂಭವಾದ ಕೊಳೆಗೇರಿ ನೈರ್ಮಲ್ಯ ಕಾರ್ಯಕ್ರಮದಲ್ಲಿ ಕಟ್ಟಡದ ಖರ್ಚು ಪಾಲಿಕೆಯದು, ನಿರ್ವಹಣೆ ಬಸ್ತಿಯ ಸಮಿತಿಯದು. ಕುಟುಂಬಗಳು ಮೊದಲೇ ವಂತಿಗೆ ಕೊಟ್ಟು, ಆಮೇಲೆ ತಿಂಗಳ ಪಾಸು ಪಡೆಯುತ್ತಿದ್ದವು. ಒಕ್ಕೂಟದವರು ಕಟ್ಟಿದ ಶೌಚಾಲಯಗಳಲ್ಲಿ ಮಕ್ಕಳಿಗೆಂದು ಪುಟ್ಟ ಪಾಟುಗಳ ಪ್ರತ್ಯೇಕ ಸಾಲು ಇರುತ್ತಿತ್ತು, ಏಕೆಂದರೆ ದೊಡ್ಡವರ ಸರತಿಯಲ್ಲಿ ಮಕ್ಕಳನ್ನು ಹಿಂದೆ ತಳ್ಳಲಾಗುತ್ತಿತ್ತು. ಸರತಿಯಲ್ಲಿ ನಿಂತು ಗೊತ್ತಿದ್ದವರಿಗಷ್ಟೇ ಹೊಳೆಯುವ ಮಾತಿದು.

ಶಿಕ್ಷಣದಲ್ಲಿ ಇಂಥದೇ ಪ್ರಯತ್ನ ಬಾಲಸಖಿ. 1990ರ ದಶಕದ ನಡುವೆ ಮಾಧವ ಚವಾಣ್ ಮತ್ತು ಫರೀದಾ ಲಾಂಬೆ ಯುನಿಸೆಫ್, ಪಾಲಿಕೆಗಳ ಜೊತೆಗೂಡಿ ಕಟ್ಟಿದ ಪ್ರಥಮ್ ಸಂಸ್ಥೆ ಪಾಲಿಕೆಯ ಶಾಲೆಗಳಲ್ಲಿ ಇದನ್ನು ನಡೆಸಿತು. ಓದು ಹತ್ತದ ಹದಿನೈದು ಇಪ್ಪತ್ತು ಮಕ್ಕಳನ್ನು ತರಗತಿಯಿಂದ ಹೊರತಂದು, ಅದೇ ವಠಾರದ ಯುವತಿಯೊಬ್ಬಳು ದಿನಕ್ಕೆ ಎರಡು ಗಂಟೆ ಅಕ್ಷರ, ಕೂಡು-ಕಳೆ ಕಲಿಸುತ್ತಿದ್ದಳು. ಕೋಣೆ ಸಿಗದಿದ್ದರೆ ಪಡಸಾಲೆಯಲ್ಲೇ ಪಾಠ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಮುಂಬಯಿ, ವಡೋದರಗಳಲ್ಲಿ ಇದನ್ನು ಅಳೆದು 2007ರಲ್ಲಿ ಪ್ರಕಟಿಸಿದರು: ಲಾಭ ಹೆಚ್ಚಾಗಿ ಸಿಕ್ಕಿದ್ದು ಎಲ್ಲರಿಗಿಂತ ಹಿಂದುಳಿದ ಮಕ್ಕಳಿಗೆ. ಕಾರ್ಯಕ್ರಮ ನಿಂತ ಒಂದು ವರ್ಷಕ್ಕೆ ಆ ಲಾಭ ಬಹುಮಟ್ಟಿಗೆ ಕರಗಿದ್ದನ್ನೂ ಅದೇ ಅಧ್ಯಯನ ದಾಖಲಿಸಿದೆ. ಬಾಲಸಖಿಗೆ ಸಿಗುತ್ತಿದ್ದುದು ತಿಂಗಳಿಗೆ 500ರಿಂದ 750 ರೂಪಾಯಿ.

ಈ ಗೌರವಧನವೇ ವ್ಯವಸ್ಥೆಯ ನೋವಿನ ಜಾಗ. ಇಂಥದೇ ಗೌರವಧನಕ್ಕೆ ದುಡಿಯುವ, ಪಾಲಿಕೆಯ ಆರೋಗ್ಯ ಕೇಂದ್ರಗಳಿಗೆ ಸೇರಿದ ಆರೋಗ್ಯ ಸೇವಿಕೆಯರು ಪೋಲಿಯೊ ಹನಿ, ಕ್ಷಯದ ತಪಾಸಣೆ, ಗರ್ಭಿಣಿಯರ ನೋಂದಣಿಗಾಗಿ ಓಣಿ ಓಣಿ ಸುತ್ತುತ್ತಾರೆ. 2020ರ ಏಪ್ರಿಲ್‌ನಲ್ಲಿ ಧಾರಾವಿಯಲ್ಲಿ ಕೊರೋನಾ ಕಾಣಿಸಿಕೊಂಡಾಗ ಸಾರ್ವಜನಿಕ ಶೌಚಾಲಯವನ್ನೇ ನಂಬಿದ ಇಕ್ಕಟ್ಟಿನ ಮನೆಗಳ ಬಾಗಿಲು ತಟ್ಟಿದವರಲ್ಲಿ ಅವರೂ ಇದ್ದರು. ಕಡತದಲ್ಲಿ ಅವರ ಹೆಸರು ಸ್ವಯಂಸೇವಿಕೆ ಎಂದಿರುವುದರಿಂದ ನೌಕರರ ಹಕ್ಕುಗಳು ಸಲೀಸಾಗಿ ದಕ್ಕುವುದಿಲ್ಲ. ಬಸ್ತಿಯ ಹೆಣ್ಣುಮಕ್ಕಳ ಮೇಲೆ ನಗರದ ಆರೋಗ್ಯವನ್ನೇ ಹೊರಿಸಿ ಅದನ್ನು ಸೇವೆ ಎನ್ನುವುದು ಅನ್ಯಾಯ. ಕನಿಷ್ಠ ವೇತನ, ಭವಿಷ್ಯನಿಧಿ, ಹೆರಿಗೆ ಸೌಲಭ್ಯಗಳಿಗಾಗಿ ಅವರ ಸಂಘಟನೆಗಳು ಆಜಾದ್ ಮೈದಾನದಲ್ಲೂ ನ್ಯಾಯಾಲಯದಲ್ಲೂ ಹೋರಾಡಿವೆ.