ಅಧಿಕ ತಾಪದ ಅತಿವಾಹಕಗಳಲ್ಲಿ ನ್ಯಾನೊ ಮಟ್ಟದ ಇಲೆಕ್ಟ್ರಾನಿಕ್ ಏರುಪೇರು

ತಾಮ್ರದ ಆಕ್ಸೈಡ್ ಪದರಗಳಿರುವ ಅತಿವಾಹಕಗಳಲ್ಲಿ, ಅಂದರೆ ಕ್ಯುಪ್ರೇಟ್‌ಗಳಲ್ಲಿ, ಇಲೆಕ್ಟ್ರಾನ್‌ಗಳ ಸ್ಥಿತಿ ಎರಡು ಮೂರು ನ್ಯಾನೊಮೀಟರ್ ಸರಿಯುವಷ್ಟರಲ್ಲಿ ಬದಲಾಗುವುದನ್ನು ಈ ಹೆಸರಿನಿಂದ ಗುರುತಿಸುತ್ತಾರೆ. ಈ ಬಗೆಯ ಮೊದಲ ವಸ್ತುವನ್ನು 1986ರಲ್ಲಿ ಐಬಿಎಂನ ಜ್ಯೂರಿಕ್ ಪ್ರಯೋಗಾಲಯದಲ್ಲಿ ಬೆಡ್ನೋರ್ಟ್ಸ್ ಮತ್ತು ಮ್ಯುಲರ್ ಕಂಡುಹಿಡಿದರು. ಅಲ್ಯೂಮಿನಿಯಂನಂಥ ಹಳೆಯ ಅತಿವಾಹಕದಲ್ಲಿ ವಿದ್ಯುತ್ತನ್ನು ತಡೆಯಿಲ್ಲದೆ ಸಾಗಿಸುವ ಒಂದು ಇಲೆಕ್ಟ್ರಾನ್ ಜೋಡಿ ಸಾವಿರಕ್ಕೂ ಹೆಚ್ಚು ನ್ಯಾನೊಮೀಟರ್ ಹರಡಿಕೊಂಡಿರುತ್ತದೆ. ನಡುವೆ ಸಿಗುವ ಸಣ್ಣಪುಟ್ಟ ದೋಷಗಳು ಆ ಹರವಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕ್ಯುಪ್ರೇಟ್ ಪದರದಲ್ಲಾದರೋ ಜೋಡಿಯ ಹರವು ಒಂದೆರಡು ನ್ಯಾನೊಮೀಟರ್ ಮಾತ್ರ. ಹೀಗಾಗಿ ಒಂದೇ ಒಂದು ಪರಮಾಣು ಜಾಗ ತಪ್ಪಿದರೂ ಅದರ ಪರಿಣಾಮ ಅಲ್ಲೇ ಎದ್ದು ಕಾಣುತ್ತದೆ.

ಇದನ್ನು ತೋರಿಸಿಕೊಟ್ಟದ್ದು ಬಿನ್ನಿಗ್ ಮತ್ತು ರೋರರ್ 1981ರಲ್ಲಿ ಅದೇ ಪ್ರಯೋಗಾಲಯದಲ್ಲಿ ರೂಪಿಸಿದ್ದ ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕ. ಬಿಸ್ಮತ್, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ ಇರುವ ಕ್ಯುಪ್ರೇಟ್ ಹರಳನ್ನು ನಿರ್ವಾತದಲ್ಲಿ ಸೀಳಿದರೆ ಬಿಸ್ಮತ್ ಪದರ ಮೇಲಕ್ಕೆ ಬರುತ್ತದೆ. ಲೋಹದ ಮೊನೆಯನ್ನು ಅದರ ಮೇಲೆ ಬಿಂದುಬಿಂದುವಿಗೂ ನಿಲ್ಲಿಸಿ, ವೋಲ್ಟೇಜ್ ಬದಲಿಸುತ್ತ ವಿದ್ಯುತ್ತನ್ನು ಅಳೆದರೆ ಆಯಾ ಜಾಗದ ಶಕ್ತಿ ಅಂತರ, ಅಂದರೆ ಇಲೆಕ್ಟ್ರಾನ್ ಜೋಡಿಯನ್ನು ಒಡೆಯಲು ಬೇಕಾದ ಶಕ್ತಿ, ಎಷ್ಟೆಂದು ತಿಳಿಯುತ್ತದೆ. 2001ರಲ್ಲಿ ಡೇವಿಸ್ ಮತ್ತು ಕಪಿಟುಲ್ನಿಕ್ ತಂಡಗಳು ಹೀಗೆ ಅಳೆದಾಗ ಒಂದೇ ಹರಳಿನಲ್ಲಿ ಈ ಅಂತರ ಜಾಗದಿಂದ ಜಾಗಕ್ಕೆ ಬಹಳ ಬದಲಾಗುವುದು ಕಂಡಿತು. ಇಲೆಕ್ಟ್ರಾನ್‌ಗಳು ತಾವಾಗಿಯೇ ಬೇರೆ ಬೇರೆ ಗುಂಪುಗಳಾಗುತ್ತವೆ, ಅತಿವಾಹಕತೆಯ ಗುಟ್ಟೂ ಅದರಲ್ಲೇ ಇದೆ ಎಂಬ ವಾದಕ್ಕೆ ಇದರಿಂದ ಬಲ ಬಂತು. ಆದರೆ 2005ರಲ್ಲಿ ಮೆಕ್‌ಎಲ್ರಾಯ್, ಡೇವಿಸ್ ಮೊದಲಾದವರು ಹರಳಿನಲ್ಲಿ ಸೇರಿಕೊಂಡಿರುವ ಹೆಚ್ಚುವರಿ ಆಮ್ಲಜನಕದ ಪರಮಾಣುಗಳನ್ನು ಒಂದೊಂದಾಗಿ ಗುರುತಿಸಿದಾಗ, ಅವುಗಳ ಸುತ್ತಲೇ ಅಂತರ ದೊಡ್ಡದಾಗಿತ್ತು. ನಿರೀಕ್ಷೆ ಇದಕ್ಕೆ ತದ್ವಿರುದ್ಧ: ಆಮ್ಲಜನಕ ಧನಾವೇಶದ ರಂಧ್ರಗಳನ್ನು (ಇಲೆಕ್ಟ್ರಾನ್ ಇಲ್ಲದ ಸ್ಥಾನಗಳನ್ನು) ಹತ್ತಿರಕ್ಕೆ ಸೆಳೆಯಬೇಕು, ರಂಧ್ರ ಹೆಚ್ಚಿದಲ್ಲಿ ಅಂತರ ಕುಗ್ಗಬೇಕು. 2012ರಲ್ಲಿ ಹಾರ್ವರ್ಡ್‌ನ ಜೆನಿಫರ್ ಹಾಫ್‌ಮನ್ ತಂಡ ಆಮ್ಲಜನಕ ಇಲ್ಲದೆ ಖಾಲಿ ಉಳಿದ ಜಾಗಗಳನ್ನೂ ನಕ್ಷೆಗೆ ತಂದಿತು. ಏರುಪೇರಿನ ಬೇರು ಹರಳಿನ ರಾಸಾಯನಿಕ ಅವ್ಯವಸ್ಥೆಯಲ್ಲಿದೆ ಎನ್ನಲು ಇವೆರಡೂ ಗಟ್ಟಿ ಸಾಕ್ಷ್ಯ.

ಈ ಉಪಕರಣ ಮೇಲ್ಮೈಯನ್ನಷ್ಟೇ ನೋಡುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಯಿಟ್ರಿಯಂ ಕ್ಯುಪ್ರೇಟ್ ಮೇಲೆ 2002ರಲ್ಲಿ ನಡೆದ, ಹರಳಿನ ಒಳಗನ್ನೂ ನೋಡುವ ಎನ್‌ಎಂಆರ್ (ನ್ಯೂಕ್ಲಿಯ ಕಾಂತೀಯ ಅನುರಣನ) ಅಳತೆಯಲ್ಲಿ ಇಂಥ ಏರುಪೇರು ಕಾಣಲಿಲ್ಲ. 2004ರಲ್ಲಿ ಲೋರಮ್ ಮತ್ತು ಟ್ಯಾಲನ್ ಹರಳಿನ ಒಳಗಿನ ಉಷ್ಣದ ಅಳತೆ ಮುಂದಿಟ್ಟು ಬಿಸ್ಮತ್ ಹರಳಿನ ಬಗ್ಗೆಯೂ ಅದನ್ನೇ ವಾದಿಸಿದರು. ಮೊದಲನೆಯದು ನಿಜವಾಗಿ ರಾಸಾಯನಿಕ ಕಾರಣವನ್ನೇ ಬೆಂಬಲಿಸುತ್ತದೆ, ಏಕೆಂದರೆ ಯಿಟ್ರಿಯಂ ಹರಳಿನಲ್ಲಿ ಹೆಚ್ಚುವರಿ ಆಮ್ಲಜನಕ ಸಾಲುಸಾಲಾಗಿ ಕೂರುತ್ತದೆ, ಅವ್ಯವಸ್ಥೆ ಕಡಿಮೆ. ಎರಡನೆಯದು ಹೆಚ್ಚು ತೂಕದ್ದು. ಅದಕ್ಕೆ ಉತ್ತರ ಟನೆಲಿಂಗ್ ಅಳತೆಯಲ್ಲೇ ಇದೆ: ಕಡಿಮೆ ಶಕ್ತಿಯ ಇಲೆಕ್ಟ್ರಾನ್ ಸ್ಥಿತಿಗಳು ಅಲ್ಲಿಯೂ ಬಹುಮಟ್ಟಿಗೆ ಏಕರೂಪ, ಏರುಪೇರು ಎದ್ದು ಕಾಣುವುದು ಹೆಚ್ಚಿನ ಶಕ್ತಿಯಲ್ಲಿ. ಹಾಗಾದರೆ ಈ ಏರುಪೇರು ನಿಜವಾದದ್ದೇ, ಆದರೆ ಅತಿವಾಹಕತೆಗೆ ಕಾರಣವಲ್ಲ. 2004ರಲ್ಲಿ ಐಸಾಕಿ ತಂಡ ಸ್ಟ್ರಾನ್ಷಿಯಂ ಜಾಗದಲ್ಲಿ ಸೇರಿಕೊಳ್ಳುವ ಬಿಸ್ಮತ್ ಪರಮಾಣುಗಳನ್ನು ತಗ್ಗಿಸಿ ನೋಡಿತು; ಹರಳು ಅತಿವಾಹಕವಾಗುವ ಸಂಕ್ರಮಣ ತಾಪ ಇಳಿಯಲಿಲ್ಲ, 96 ಕೆಲ್ವಿನ್‌ಗೆ ಏರಿತು.